ದೆವ್ವದ ಸಿನಿಮಾ ಪಾಠಕ್ಕೆ ಬೇಕು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಾಲೇಜುಗಳ ಕನ್ನಡ ಮೇಷ್ಟ್ರುಗಳಿಗೆ ನಾವು ಹೇಳುವುದಿಷ್ಟೆ: ಸಾಹಿತ್ಯದ ಕ್ಲಾಸಿನಲ್ಲಿ 'ಆಪ್ತಮಿತ್ರ' ತೋರಿಸಿ, ಪಾಠ ಮಾಡಿ. ನಗಬೇಡಿ. 2004ರಲ್ಲಿ ಪಿ. ವಾಸು ತೆಗೆದ ಈ ಸಿನಿಮಾವನ್ನು ಊರೂರಲ್ಲಿ ಜನ ನೋಡಿದರು, ಹೆದರಿದರು. ಯಾರಿಗೆ ಹೆದರಿದೆವು ಅಂತ ಮಾತ್ರ ಯಾರೂ ಕೇಳಲಿಲ್ಲ.

ನಾಗವಲ್ಲಿ ಯಾರು? ಕುಣಿಯುವ ಹೆಣ್ಣು. ಮನಸ್ಸಾಯಿತೆಂದು ರಾಜನೊಬ್ಬ ಅವಳನ್ನು ತಂದು ಅರಮನೆಯಲ್ಲಿಟ್ಟ. ಅವಳು ಮೆಚ್ಚಿದವನ ತಲೆ ಕಡಿದ. ಅವಳನ್ನು ಸುಟ್ಟ. ಇಷ್ಟೆಲ್ಲ ಮಾಡಿದವನು ರಾಜ, ಸುಟ್ಟುಹೋದವಳು ದೆವ್ವ! ಕೊನೆಗೆ ಡಾಕ್ಟರೂ ಆಚಾರ್ಯರೂ ಸೇರಿ, ರಾಜನ ಬದಲು ಒಂದು ಗೊಂಬೆಯನ್ನು ಸುಡಲು ಕೊಟ್ಟು ಅವಳನ್ನು ಸಾಗಹಾಕುತ್ತಾರೆ. ನಾವೂ ಚಪ್ಪಾಳೆ ತಟ್ಟಿ ಹೊರಗೆ ಬರುತ್ತೇವೆ.

ನಮ್ಮ ತಾಲೂಕುಗಳಲ್ಲಿ ಇದು ಅರಮನೆಯ ಕತೆಯಲ್ಲ. ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗದ ಗುಡ್ಡದಲ್ಲಿ ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದರು. ಕಟ್ಟಿಸಿಕೊಂಡವರು ನಮ್ಮವರು, ಉಂಡವರು ಊರ ದೊಡ್ಡವರು. ದೇವದಾಸಿ ಬಿಡಬಾರದೆಂದು 1982ರಲ್ಲಿ ಕಾನೂನಾಯಿತು. ಆಮೇಲೂ ಕದ್ದುಮುಚ್ಚಿ ನಡೆಯಿತು. ಆ ತಾಯಂದಿರ ಮಕ್ಕಳು ಡಿಗ್ರಿ ಕ್ಲಾಸಿಗೂ ಬಂದಿದ್ದಾರೆ. ಅಪ್ಪನ ಹೆಸರು ಬರಿ ಅನ್ನುವ ಅರ್ಜಿ ಫಾರಂಗಿಂತ ಯಾವ ದೆವ್ವ ಅವರನ್ನು ಹೆಚ್ಚು ಹೆದರಿಸೀತು?

ಇಂಥದ್ದು ಹುಡುಗರ ಮನಸ್ಸು ಕೆಡಿಸುತ್ತೆ ಅಂತಾರೆ. ಅಲ್ರೀ, ಅಗ್ರಹಾರದಲ್ಲಿ ಹೆಣ ಕೊಳೆಯುವ 'ಸಂಸ್ಕಾರ' ಪಾಠ ಮಾಡುವಾಗ ಯಾರ ಮನಸ್ಸೂ ಕೆಡಲಿಲ್ಲವೇ? ಅದರ ಸಿನಿಮಾವನ್ನು ಸೆನ್ಸಾರಿನವರು ಮೊದಲು ತಡೆದರು, ಆಮೇಲೆ 1970ರ ರಾಷ್ಟ್ರಪ್ರಶಸ್ತಿ ಅದಕ್ಕೇ ಬಂತು. ಅಗ್ರಹಾರದ ಹೆಣ ಸಾಹಿತ್ಯ, ಕುಣಿಯುವವಳ ಹೆಣ ಬರೀ ಮನರಂಜನೆ. ಅಮೆರಿಕದಲ್ಲಿ 'ಗೆಟ್ ಔಟ್' ಬಂದದ್ದು 2017ರಲ್ಲಿ. ಕಪ್ಪು ಹುಡುಗನೊಬ್ಬನ ಮೈಯನ್ನು ಬಿಳಿಯರು ಹರಾಜು ಕೂಗುವ ಸಿನಿಮಾ. ಅದೇ ವರ್ಷ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಲೇಖಕಿ ತನನರೀವ್ ಡ್ಯೂ ಅದನ್ನಿಟ್ಟುಕೊಂಡು ಪಾಠ ಮಾಡಿದರು. ನಮಗೆ ಇಪ್ಪತ್ತು ವರ್ಷ ಸಾಲಲಿಲ್ಲ.

ಆದರೆ ತೋರಿಸುವ ಮುಂಚೆ ಅದರಲ್ಲಿ ಏನೈತಿ ಅಂತ ಹೇಳಿ. ಎದ್ದು ಹೋಗುವವರು ಹೋಗಲಿ, ಕಾರಣ ಕೇಳಬೇಡಿ, ಹಾಜರಿ ಕತ್ತರಿಸಬೇಡಿ. 'ನಿಮ್ಮ ಕಡೆ ಇದು ಹೆಂಗಮ್ಮಾ?' ಅಂತ ನಮ್ಮ ಹುಡುಗಿಯ ಕಡೆ ತಿರುಗಬೇಡಿ. ಅವಳು ಓದಲು ಬಂದವಳು, ನಿಮ್ಮ ಪಾಠಕ್ಕೆ ಉದಾಹರಣೆಯಾಗಲು ಬಂದವಳಲ್ಲ. ಇಡೀ ಕ್ಲಾಸನ್ನು ಕೇಳಿ, ಗೌಡರ ಮಗನೂ ಅಲ್ಲೇ ಕೂತಿರುತ್ತಾನೆ: ಸುಟ್ಟದ್ದು ಗೊಂಬೆಯನ್ನು, ಹಾಗಾದರೆ ರಾಜನಿಗೆ ಏನು ಶಿಕ್ಷೆಯಾಯಿತು? ಪರೀಕ್ಷೆಗೂ ಅದನ್ನೇ ಕೊಡಿ, ಹತ್ತು ಮಾರ್ಕಿಗೆ.