ಗರ್ಭಕೋಶ ಕಿತ್ತೆಸೆಯುವ ಕಳೆಯಲ್ಲ



ದೀಪಾವಳಿಯ ಹೊತ್ತಿಗೆ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯುವವರು ನಮ್ಮ ಸೊಲ್ಲಾಪುರ, ಸಾಂಗ್ಲಿ ಸೀಮೆಗೂ ಕರ್ನಾಟಕಕ್ಕೂ ಬರುತ್ತಾರೆ. ಅವರು ಎಷ್ಟು ಟನ್ ಕಡಿದರೆಂದು ನಾವು ಲೆಕ್ಕ ಇಡುತ್ತೇವೆ. ಇನ್ನೊಂದು ಲೆಕ್ಕವನ್ನೂ ನಾವು ತಿಳಿಯಬೇಕು. 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿಯೊಂದು ಆ ಜಿಲ್ಲೆಯ 82,309 ಕಬ್ಬು ಕಡಿಯುವ ಹೆಣ್ಣುಮಕ್ಕಳನ್ನು ವಿಚಾರಿಸಿತು. ಅವರಲ್ಲಿ 13,861 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಅಂದರೆ ಆರು ಮಂದಿಯಲ್ಲಿ ಒಬ್ಬರು! ಇಡೀ ದೇಶದಲ್ಲಿ 15ರಿಂದ 49 ವಯಸ್ಸಿನವರಲ್ಲಿ ಇದು ನೂರಕ್ಕೆ ಸುಮಾರು ಮೂರು ಮಾತ್ರ.

ಹೀಗೇಕೆ? ಗಂಡ ಹೆಂಡತಿ ಸೇರಿದರೆ ಒಂದು 'ಕೊಯ್ತಾ'. ಒಬ್ಬರು ಒಂದು ದಿನ ತಪ್ಪಿದರೂ ಮುಕಾದಮ ದಂಡ ಹಿಡಿಯುತ್ತಾನೆ. ಹೊಲದಲ್ಲಿ ಕಕ್ಕಸಿಲ್ಲ, ಮುಟ್ಟಿನ ದಿನಗಳಲ್ಲಿ ತೊಳೆದುಕೊಳ್ಳಲು ನೀರಿಲ್ಲ. ಬಿಳಿಸೆರಗು, ಹೊಟ್ಟೆನೋವು ಎಂದು ಖಾಸಗಿ ಆಸ್ಪತ್ರೆಗೆ ಹೋದರೆ, ಕ್ಯಾನ್ಸರ್ ಆದೀತೆಂಬ ಹೆದರಿಕೆ. ಔಷಧಿಯಿಂದ ವಾಸಿಯಾಗುವ ಎಷ್ಟೋ ಸೋಂಕಿಗೆ ಆಪರೇಷನ್ನು, ಅದಕ್ಕೆ ಮತ್ತೆ ಸಾಲ.

ಕ್ಯಾನ್ಸರ್ ಇದ್ದರೆ, ಔಷಧಿಗೆ ನಿಲ್ಲದ ರಕ್ತಸ್ರಾವವಿದ್ದರೆ ಗರ್ಭಕೋಶ ತೆಗೆಯಬೇಕಾದೀತು. ಪ್ರಾಮಾಣಿಕ ವೈದ್ಯರನ್ನು ನಾವು ದೂರುವುದಿಲ್ಲ. ಆದರೆ ಎಲೆಗೆ ರೋಗ ಬಂತೆಂದು ಯಾವ ರೈತನೂ ಬುಡ ಕಡಿಯುವುದಿಲ್ಲ. ಎಳೆವಯಸ್ಸಿನಲ್ಲಿ ಅಂಡಾಶಯವನ್ನೂ ತೆಗೆದರೆ ಮುಪ್ಪು ಬೇಗ ಬರುತ್ತದೆ, ಮೂಳೆ ಸವೆಯುತ್ತದೆ, ಹೃದ್ರೋಗದ ಭಯವೂ ಹೆಚ್ಚು.

ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು, ಅನೇಕ ವೈದ್ಯರ ಕೈಯಲ್ಲಿ ಬಹಳ ಕಷ್ಟಪಟ್ಟು ಇದ್ದದ್ದನ್ನೆಲ್ಲಾ ಕಳೆದುಕೊಂಡಳೆಂದು ಸಂತ ಮಾರ್ಕನ ಶುಭಸಂದೇಶದ 5ನೇ ಅಧ್ಯಾಯ ಹೇಳುತ್ತದೆ. ಯೇಸುಸ್ವಾಮಿ ಅವಳನ್ನು ಗದರಿಸಲಿಲ್ಲ. ಅವಳು ಎಲ್ಲವನ್ನೂ ಹೇಳುವ ತನಕ ಕೇಳಿದರು, ಮಗಳೆಂದು ಕರೆದರು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಮಾತನ್ನು ಅಷ್ಟು ಹೊತ್ತು ಕೇಳುವವರು ಯಾರಿದ್ದಾರೆ?

ಆದ್ದರಿಂದ ಆಪರೇಷನ್ನು ಎಂದ ಕೂಡಲೇ ಸಹಿ ಹಾಕಬೇಡಿ. ರೋಗ ಯಾವುದು, ಔಷಧಿಯಿಂದ ಆಗದೆ, ಅಂಡಾಶಯ ಉಳಿಯುತ್ತದೆಯೆ ಎಂದು ಕೇಳಿರಿ. ಸ್ಕ್ಯಾನಿಂಗ್ ಚೀಟಿ ಹಿಡಿದು ಸರ್ಕಾರಿ ಆಸ್ಪತ್ರೆಯ ಇನ್ನೊಬ್ಬ ವೈದ್ಯರನ್ನು ಕಾಣಿರಿ. ಗಂಡಂದಿರೇ, ಜೊತೆಗೆ ಹೋಗಿ; ತೀರ್ಮಾನ ಮಾತ್ರ ಅವಳದೇ ಆಗಲಿ. ಅನಗತ್ಯ ಆಪರೇಷನ್ನು ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಕೇಳುವುದು ನಮ್ಮ ಹಕ್ಕು.

ಕಬ್ಬು ಬೆಳೆಯುವವರಿಗೆ ಇನ್ನೊಂದು ಮಾತು. ಈ ಸಲ ಕಬ್ಬು ಕಡಿಯುವವರು ಬಂದಾಗ ಹೊಲದ ಬದಿಯಲ್ಲಿ ಮರೆಯಿರುವ ಒಂದು ಕಕ್ಕಸು, ಒಂದು ಡ್ರಮ್ಮು ನೀರು ಇಡಿರಿ. ಮುಟ್ಟಾದವಳಿಗೆ ಒಂದು ದಿನ ವಿಶ್ರಾಂತಿ ಕೊಟ್ಟರೆ ದಂಡ ಹಿಡಿಯಕೂಡದೆಂದು ಮುಕಾದಮನಿಗೆ ಹೇಳಿರಿ. ಅವರ ಬೆವರಿನಿಂದ ಬಂದ ಸಕ್ಕರೆಯನ್ನು ತಿನ್ನುವ ನಮಗೆ ಇಷ್ಟಾದರೂ ಋಣ ಇದೆ.