ಎತ್ತು ನಮ್ಮ ಗ್ವಾದ್ಲಿಯಲ್ಲಿ, ಹೆಸರು ಹಳೆಯ ಮಾಲೀಕನದು

ದನ ಕಟ್ಟಿ ಬಾಳುವ ಬಂಧುಗಳೇ,

ನಮ್ಮ ಗುಂಜಹಳ್ಳಿಯಲ್ಲಾಗಲಿ, ದೇವದುರ್ಗ, ಮಾನ್ವಿ ಕಡೆಯ ಊರುಗಳಲ್ಲಾಗಲಿ ಆಕಳು, ಎಮ್ಮೆ, ಎತ್ತುಗಳ ಕಿವಿಯಲ್ಲಿ ಹಳದಿ ಓಲೆ ಕಾಣುತ್ತದೆ. ಅದರ ಮೇಲೆ 12 ಅಂಕಿ. 2019ರಲ್ಲಿ ಕಾಲುಬಾಯಿ ಬೇನೆ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾದ ಮೇಲೆ ಲಸಿಕೆಯ ಜೊತೆಗೇ ಈ ಓಲೆಯೂ ಹಳ್ಳಿಹಳ್ಳಿಗೆ ಬಂತು. ದನದ ಆಧಾರ್ ಎಂದರು. ನಾವೇ ಹಗ್ಗ ಹಿಡಿದು ನಿಂತು ಹಾಕಿಸಿಕೊಂಡೆವು.

ಆದರೆ ಓಲೆಯ ಮೇಲೆ ಮಾಲೀಕನ ಹೆಸರಿಲ್ಲ. ಹೆಸರು, ಊರು, ಮೊಬೈಲ್ ನಂಬರ್, ಹಾಕಿದ ಲಸಿಕೆ ಎಲ್ಲವೂ ಇರುವುದು ಭಾರತ್ ಪಶುಧನ್ ಎಂಬ ಆನ್‌ಲೈನ್ ದಾಖಲೆಯಲ್ಲಿ. ಪಟ್ಟಣದವರು ಸಾಕುನಾಯಿಯ ಚರ್ಮದಡಿ ಅಕ್ಕಿಕಾಳಿನಷ್ಟು ಚಿಪ್ ಹಾಕಿಸುತ್ತಾರಲ್ಲ, ಅದರ ಪಾಡೂ ಇದೇ. ದಾಖಲೆ ತಿದ್ದಿಸದಿದ್ದರೆ ಕಳೆದುಹೋದ ನಾಯಿ ಹಳೆಯ ಮನೆಯ ವಿಳಾಸವನ್ನೇ ಹೇಳುತ್ತದೆ.

ನಾಯಿ ಸಾಮಾನ್ಯವಾಗಿ ಒಂದೇ ಮನೆಯಲ್ಲಿ ಮುದಿಯಾಗುತ್ತದೆ. ಎತ್ತಿನ ಬಾಳು ಹಾಗಲ್ಲ. ಕಾರಹುಣ್ಣಿಮೆಗೆ ಮುಂಚೆ ಕೊಂಡದ್ದನ್ನು ತೊಗರಿ ರಾಶಿ ಮುಗಿದ ಮೇಲೆ ಮಾರಬೇಕಾಗುತ್ತದೆ. ಹಗ್ಗ ಕೊಂಡವನ ಕೈಗೆ ಬರುತ್ತದೆ, ದುಡ್ಡು ಮಾರಿದವನ ಕಿಸೆಗೆ ಹೋಗುತ್ತದೆ, ದಾಖಲೆಯ ಹೆಸರು ಮಾತ್ರ ಇದ್ದಲ್ಲೇ ಇರುತ್ತದೆ. ಬೇಲಿಗೆ ಸಿಕ್ಕಿ ಓಲೆ ಹರಿದುಬಿದ್ದರೂ ಅಷ್ಟೇ, ದನ ಸತ್ತರೂ ಅಷ್ಟೇ.

ತಿದ್ದಿಸಲು ದನದ ದವಾಖಾನೆಗೆ ಹೋದವರಿಗೇ ಗೊತ್ತು ಅದರ ಕಷ್ಟ. ಇವತ್ತು ಸರ್ವರ್ ಇಲ್ಲ. ನಾಳೆ ಹೋದರೆ ಸಾಹೇಬರು ಕ್ಯಾಂಪಿಗೆ ಹೋಗ್ಯಾರ. ಮೂರನೇ ಸಲ ಹೋದರೆ, ಮಾರಿದವರನ್ನೂ ಕರ್ಕೊಂಡು ಬಾ ಅಂತಾರ. ಒಂದೊಂದು ಸಲಕ್ಕೂ ಒಂದು ದಿನದ ಕೂಲಿ, ಮೇಲೆ ಬಸ್ಸಿನ ಖರ್ಚು. ಅರ್ಜಿ ಬರೆದುಕೊಟ್ಟರೆ ತಲುಪಿತು ಎಂಬ ಚೀಟಿಯೂ ಇಲ್ಲ. ಹೀಗೆ ವರ್ಷ ಕಳೆಯುತ್ತದೆ. ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದರೆ ನಾವು ಬೇರೆ ದಾರಿ ನೋಡುತ್ತಿದ್ದೆವು. ಏನೂ ಹೇಳದೆ ಕೂತವರ ಮುಂದೆ ನಿಂತು ಬರುವುದು ನಮ್ಮನ್ನು ಲೆಕ್ಕಕ್ಕೇ ಇಟ್ಟಿಲ್ಲ ಅನ್ನಿಸುವಂತೆ ಮಾಡುತ್ತದೆ.

ಇದು ಬರೀ ಕಾಗದದ ಮಾತಲ್ಲ. ಕಿವಿಯಲ್ಲಿ ಓಲೆ ಇಲ್ಲದ ದನಕ್ಕೆ ವಿಮೆಯ ಹಣ ಸಿಗುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ರಾಜ್ಯ ಸರ್ಕಾರ ಸತ್ತ ಎತ್ತಿಗೆ 30,000, ಆಕಳಿಗೆ 20,000, ಕರುವಿಗೆ 5,000 ರೂಪಾಯಿ ಪರಿಹಾರ ಘೋಷಿಸಿತ್ತು. ಅಂಥ ಹೊತ್ತು ಮತ್ತೆ ಬಂದರೆ ದಾಖಲೆಯಲ್ಲಿ ಹೆಸರಿಲ್ಲದವರು ಏನು ತೋರಿಸಬೇಕು? ಗಂಡ ತೀರಿಕೊಂಡ ಮೇಲೆ ಒಂದೇ ಎಮ್ಮೆಯ ಹಾಲು ಮಾರಿ ಮಕ್ಕಳನ್ನು ಓದಿಸುವ ಹೆಣ್ಣುಮಗಳು, ಎಮ್ಮೆ ಇನ್ನೂ ಗಂಡನ ಹೆಸರಲ್ಲೇ ಇದ್ದರೆ, ಯಾರ ಬಾಗಿಲು ಬಡಿಯಬೇಕು?

ಮೇಲಿನವರಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಲಸಿಕೆ ಹಾಕಲು ಹೇಗೂ ಊರಿಗೆ ಬರುತ್ತೀರಿ, ಅವತ್ತೇ ಮನೆಮುಂದೆ ಹೆಸರು ತಿದ್ದಿಕೊಡಿ. ದನದ ಸಂತೆಯಲ್ಲಿ ಮಾರುವವರು, ಕೊಳ್ಳುವವರು ಇಬ್ಬರೂ ಎದುರಿಗಿರುವಾಗಲೇ ಬರೆದುಕೊಳ್ಳಿ. ಅರ್ಜಿಗೆ ತಾರೀಖು ಹಾಕಿದ ಚೀಟಿ ಕೊಡಿ.

ಬಂಧುಗಳೇ, ಅಲ್ಲಿಯವರೆಗೆ ದನ ಕೊಳ್ಳುವಾಗ ಆ 12 ಅಂಕಿಯನ್ನೂ ಮಾರಿದವರ ಫೋನ್ ನಂಬರನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಲಸಿಕೆಗೆ ಬಂದವರ ಮುಂದೆ ಎಲ್ಲರೂ ಆ ಚೀಟಿ ಹಿಡಿದು ನಿಲ್ಲೋಣ.

ಇಂತಿ,
ಗುಂಜಹಳ್ಳಿಯ ಒಬ್ಬ ರೈತ