ತೋಟಾ ತೂಗಿದರೆ ಗುರಿ ಸಿಕ್ಕೀತೆ?

2024ರ ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚಿನ ಪದಕ ಗೆದ್ದ ಮೇಲೆ, ಈ ಗಡಿಸೀಮೆಯ ತರುಣರಿಗೆ ಆ ಕ್ರೀಡೆ ದೂರದ್ದಾಗಿ ಉಳಿದಿಲ್ಲ. ಎನ್‌ಸಿಸಿ ಶಿಬಿರಗಳಲ್ಲಿ ಕೆಡೆಟ್‌ಗಳು ಹಿಡಿಯುವುದೂ ಪಾಯಿಂಟ್ 22 ರೈಫಲನ್ನೇ. ಒಲಿಂಪಿಕ್ಸ್‌ನ ಗುರಿಹಲಗೆಯಲ್ಲಿ ಹತ್ತು ಅಂಕದ ವರ್ತುಲದ ವ್ಯಾಸ 10.4 ಮಿಲಿಮೀಟರ್ ಮಾತ್ರ. ಇಷ್ಟು ಕಿರಿದಾದ ಗುರಿಗಾಗಿ ತೋಟಾಗಳನ್ನು ಒಂದೊಂದಾಗಿ ತೂಗಿ, ಅಂಚಿನ ದಪ್ಪವನ್ನು ಅಳೆದು, ಸಮನಾದುವನ್ನು ಆರಿಸಿಕೊಳ್ಳುವ ಪದ್ಧತಿ ಕೆಲವು ಗುರಿಕಾರರಲ್ಲಿದೆ. ಅವರ ಶ್ರದ್ಧೆ ಮೆಚ್ಚತಕ್ಕದ್ದು; ಆದರೆ ಆ ಶ್ರಮವೆಲ್ಲ ಗುರಿಹಲಗೆಯ ಮೇಲೆ ಫಲಿಸುತ್ತದೆಂದು ನಂಬುವುದು ಸಲ್ಲದು.

ಈ ತೋಟಾದಲ್ಲಿ ಸೀಸದ ಗುಂಡಿನ ತೂಕ ಸುಮಾರು 2.6 ಗ್ರಾಂ. ಅದನ್ನು ತಳ್ಳುವ ಮದ್ದಾದರೋ ಸುಮಾರು ಒಂದು ಗ್ರಾಮಿನ ಹತ್ತನೆಯ ಒಂದು ಭಾಗ. ಎರಡು ತೋಟಾಗಳ ನಡುವೆ 0.02 ಗ್ರಾಂ ವ್ಯತ್ಯಾಸ ಕಂಡಿತೆನ್ನೋಣ. ಅದು ಸೀಸದ್ದಾದರೆ ನೂರರಲ್ಲಿ ಒಂದು ಪಾಲೂ ಅಲ್ಲ. ಮದ್ದಿನದಾದರೆ ಐದರಲ್ಲೊಂದು ಪಾಲು, ಗುಂಡಿನ ವೇಗವನ್ನೇ ಬದಲಿಸುವಂಥದು. ಹಿತ್ತಾಳೆಯ ಕೋಶದ್ದೂ ಆಗಿರಬಹುದು. ತಕ್ಕಡಿ ತೋರುವುದು ಮೊತ್ತವನ್ನು ಮಾತ್ರ.

ಅಂಚಿನ ಅಳತೆಗೆ ಇದಕ್ಕಿಂತ ಹೆಚ್ಚಿನ ಅರ್ಥವಿದೆ. ತೋಟಾ ನಳಿಗೆಯಲ್ಲಿ ಕೂರುವ ಬಗೆಯೂ ಫೈರಿಂಗ್ ಪಿನ್ನಿನ ಪೆಟ್ಟು ಬೀಳುವ ಬಗೆಯೂ ಅಂಚಿನ ದಪ್ಪವನ್ನು ಅವಲಂಬಿಸಿವೆ. ಆದರೂ ಅಂಚಿನೊಳಗೆ ಲೇಪಿಸಿರುವ ಹೊತ್ತಿಸುವ ಮದ್ದು ಎಲ್ಲ ಕಡೆ ಸಮನಾಗಿ ಹರಡಿದೆಯೇ ಎಂಬುದನ್ನು ಯಾವ ಮಾಪಕವೂ ಹೊರಗಿನಿಂದ ಹೇಳಲಾರದು.

ಆದುದರಿಂದ ಪ್ರಶ್ನೆ ಕೇಳಬೇಕಾದುದು ರೈಫಲನ್ನು, ತಕ್ಕಡಿಯನ್ನಲ್ಲ. ಅಗ್ರ ಶ್ರೇಣಿಯ ಸ್ಪರ್ಧಿಗಳು ಬೇರೆ ಬೇರೆ ಲಾಟಿನ ತೋಟಾಗಳನ್ನು ತಮ್ಮದೇ ರೈಫಲಿನಲ್ಲಿ ಹಾರಿಸಿ ನೋಡಿ, ಒಗ್ಗಿದ ಲಾಟನ್ನು ಕೊಳ್ಳುತ್ತಾರೆ. ಆರಿಸುವಿಕೆಯನ್ನು ಪರೀಕ್ಷಿಸುವ ದಾರಿಯೂ ಅದೇ: ಒಂದೇ ಲಾಟಿನ ಆರಿಸಿದ ಮತ್ತು ಆರಿಸದ ತೋಟಾಗಳನ್ನು, ಯಾವುದು ಯಾವುದೆಂದು ಹಾರಿಸುವವನಿಗೆ ತಿಳಿಯದಂತೆ, ಹತ್ತು ಹತ್ತರ ಗುಂಪುಗಳಲ್ಲಿ ಸರದಿಯ ಮೇಲೆ ಹಾರಿಸಿ ಹೋಲಿಸಬೇಕು. ಐದು ಗುಂಡುಗಳ ಒಂದು ಸೊಗಸಾದ ಗುಂಪು ಸಾಕ್ಷ್ಯವಾಗದು. ಅದು ಅದೃಷ್ಟವೂ ಆಗಿರಬಹುದು.

ಸ್ಪರ್ಧೆಯ ತೋಟಾ ಬೆಲೆಯುಳ್ಳ ವಸ್ತು. ಬಡ ವಿದ್ಯಾರ್ಥಿಗೆ ದೊರೆಯುವುದು ಎಣಿಕೆಯವು. ತೂಗುವುದರಲ್ಲಿ ಕಳೆಯುವ ಸಂಜೆಗಳನ್ನು ಅವನು ಭಂಗಿ, ಉಸಿರು, ಬೆರಳಿನ ಹಿಡಿತಗಳ ಅಭ್ಯಾಸಕ್ಕೆ ಕೊಟ್ಟರೆ ಲಾಭ ಹೆಚ್ಚು. ಆ ಅಭ್ಯಾಸಕ್ಕೆ ತೋಟಾವೂ ಬೇಕಿಲ್ಲ, ತಕ್ಕಡಿಯೂ ಬೇಕಿಲ್ಲ.